ಬಾಲಿಗಂಜಿನತ್ತ ಬ್ಯೋಮಕೇಶ

ಮನೆ ಕಟ್ಟಿಸುವ ಗಡಿಬಿಡಿಯಲ್ಲಿ ಕಥೆ ಬರೆಯಲು ಪುರುಸೊತ್ತಿಲ್ಲ! ಪತ್ತೇದಾರಿ ಸರಣಿಯೊಂದರ ನಿರೂಪಕ ಕೆಲಸ ಬಿಟ್ಟದ್ದಕ್ಕೆ ಇಷ್ಟು ಸಂಸಾರವಂದಿಗ ಕಾರಣವನ್ನು ಇನ್ನೆಲ್ಲೂ ಓದಿಲ್ಲ. ಪತ್ತೇದಾರ ಬ್ಯೋಮಕೇಶನ ಸರಣಿಯ, 1968ರ ‘ಬೇಣಿಸಂಹಾರ’ದ ಆರಂಭದಲ್ಲೇ ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು ಈ ಸಂಗತಿ ತಿಳಿಸಿಬಿಡುತ್ತಾರೆ. ಬ್ಯೋಮಕೇಶನ ಗೆಳೆಯನೂ ನಿರೂಪಕನೂ ಆದ ಅಜಿತನ ಭಾಷೆ ಹಳತಾಯಿತು, ಅವನಿಗೆ ಪುಸ್ತಕದ ಅಂಗಡಿ ಬೇರೆ ಇದೆ, ಜೊತೆಗೆ ಕೋಲ್ಕತ್ತಾದ ಬಾಲಿಗಂಜಿನ ಮಗ್ಗುಲ ಕೇಯಾತಲಾದಲ್ಲಿ ಮನೆ ಏಳುತ್ತಿದೆ. ಇಬ್ಬರೂ ಇದ್ದ ಹ್ಯಾರಿಸನ್ ರೋಡಿನ ಹಳೆಯ ಬಿಡಾರಕ್ಕೆ ಇನ್ನು ವಿದಾಯ. ತಮಾಷೆಯೆಂದರೆ, ಕಥೆಯಲ್ಲಿ ಆ ಮನೆ ಕಟ್ಟಿಸುತ್ತಿದ್ದ ಶರದಿಂದು ಇದ್ದದ್ದು ಪುಣೆಯಲ್ಲಿ.

1932ರಲ್ಲಿ ಹುಟ್ಟಿದ ಬ್ಯೋಮಕೇಶ ಬಕ್ಷಿಗೆ ಮರುವರ್ಷವೇ, ‘ಅರ್ಥಮನರ್ಥಂ’ನಲ್ಲಿ, ಸತ್ಯವತಿ ಸಿಕ್ಕಳು. ಅವಳ ಅಣ್ಣನ ಮೇಲೆ ಕೊಲೆಯ ಆಪಾದನೆ; ಕಾಪಾಡಿ ಎಂದು ಬಂದವಳು ಪತ್ತೇದಾರನ ಹೆಂಡತಿಯಾದಳು. ಶೆರ್ಲಾಕ್ ಹೋಮ್ಸ್‌ಗೆ ಒಲಿಯದ ಭಾಗ್ಯ! ಆಮೇಲೆ ಶರದಿಂದು ಸಿನಿಮಾ ಬರೆಯಲು ಮುಂಬೈ ಸೇರಿದರು. ಸರಣಿ ಸುಮಾರು ಹದಿನೈದು ವರ್ಷ ಮಲಗಿತ್ತು.

ಎದ್ದ ಮೇಲೆ ಬಂದವುಗಳಲ್ಲಿ ನನ್ನ ಮೆಚ್ಚಿನದು ‘ಶಜಾರುರ್ ಕಾಂಟಾ’. ರವೀಂದ್ರ ಸರೋವರದ ಸುತ್ತಮುತ್ತ ಯಾರೋ ಮುಳ್ಳುಹಂದಿಯ ಮುಳ್ಳು ಚುಚ್ಚಿ ಕೊಲ್ಲುತ್ತಿದ್ದಾರೆ. ಆದರೆ ಓದುಗರನ್ನು ಹಿಡಿದಿಡುವುದು ದೀಪಾ. ಬೇರೊಬ್ಬನಲ್ಲಿ ಮನಸ್ಸಿಟ್ಟು, ಮನೆಯವರ ಹಟಕ್ಕೆ ಮದುವೆಯ ಗಂಟಿಗೆ ಬಿದ್ದವಳು, ದೂರವಿಟ್ಟ ಗಂಡನತ್ತಲೇ ಮೆಲ್ಲಗೆ ಒಲಿಯುವ ಪರಿಯ ಮುಂದೆ ಕೊಲೆಗಾರನೂ ಸಪ್ಪೆ. ಈ ಪ್ರಣಯದ ಕಸುಬು ಶರದಿಂದು ಅವರಿಗೆ ಐತಿಹಾಸಿಕ ಕಾದಂಬರಿಗಳಿಂದ ಕೈಹತ್ತಿದ್ದು. ನಮ್ಮ ವಿಜಯನಗರದ ಇಮ್ಮಡಿ ದೇವರಾಯನನ್ನು ಮದುವೆಯಾಗಲು ದೋಣಿಯಲ್ಲಿ ಬರುವ ಕಳಿಂಗದ ರಾಜಕುಮಾರಿ ಮತ್ತೊಬ್ಬನಿಗೆ ಮನಸೋಲುವ ‘ತುಂಗಭದ್ರಾರ್ ತೀರೆ’ಗೆ 1967ರಲ್ಲಿ ರವೀಂದ್ರ ಪುರಸ್ಕಾರ ಬಂತು.

ಕೊನೆಯದು ‘ಬಿಶುಪಾಲ್ ಬಧ್’. ರಂಗದ ಮೇಲೆ ಕೀಚಕವಧೆಯ ನಾಟಕ. ಕೀಚಕನ ವೇಷಧಾರಿ ಬಿಶು ಪಾಲ್ ನಿಜಕ್ಕೂ ಸತ್ತಿದ್ದಾನೆ. ಬ್ಯೋಮಕೇಶ ಪ್ರೇಕ್ಷಕರ ನಡುವೆಯೇ ಇದ್ದಾನೆ. ವಿರಾಟಪರ್ವವನ್ನು ಯಕ್ಷಗಾನದಲ್ಲಿ ಕಂಡವರಿಗೆ ಭೀಮನ ಮೇಲೆ ಮೊದಲು ಗುಮಾನಿ ಬರುವುದು ಸಹಜ. ಅಷ್ಟರಲ್ಲಿ, 1970ರ ಸೆಪ್ಟೆಂಬರ್ 22ರಂದು, ಶರದಿಂದು ತೀರಿಕೊಂಡರು. 32 ಕಥೆಗಳು ಪೂರ್ಣ, ಇದೊಂದು ಅರ್ಧ.

ಮುಂದೆ ನಾರಾಯಣ ಸಾನ್ಯಾಲ್ ಅದಕ್ಕೊಂದು ಮುಕ್ತಾಯ ಬರೆದರು. 2022ರಲ್ಲಿ ಅರಿಂದಮ್ ಶೀಲ್ ‘ಬ್ಯೋಮಕೇಶ್ ಹತ್ಯಾಮಂಚ’ ಚಿತ್ರದಲ್ಲಿ ತಮ್ಮದೇ ದಾರಿ ಹಿಡಿದರು. ನಾನಂತೂ ಅರ್ಧಕ್ಕೇ ನಿಲ್ಲಿಸುವ ಪಕ್ಷ. ಕೊಲೆಗಾರ ಯಾರೆಂದು ಶರದಿಂದು ಹೇಳದೆ ಹೋದಮೇಲೆ, ಬೇರೆ ಯಾರು ಹೇಳಿದರೂ ಅದು ಗುಮಾನಿಯೇ.