ಮಾತು ನಿಂತರೆ ಬುದ್ಧಿ ನಿಂತೀತೆ?

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ಹಿರಿಯರು ಮನೆಗೆ ಮರಳುತ್ತಾರೆ. ಕೈಕಾಲು ತುಸು ಆಡತೊಡಗಿದರೂ ಮಾತು ಹೊರಡುವುದಿಲ್ಲ. ನೀರು ಕೇಳಹೋಗಿ 'ಬಾಗಿಲು' ಎನ್ನುತ್ತಾರೆ. 'ಇವರಿಗೆ ಬುದ್ಧಿಭ್ರಮಣೆಯಾಗಿದೆ' ಎಂದು ಮನೆಯವರು ಅವರೆದುರೇ ಆಡಿಕೊಳ್ಳುತ್ತಾರೆ. ಆದರೆ ಅವರ ಕೈತಪ್ಪಿರುವುದು ಬುದ್ಧಿಯಲ್ಲ, ಪದಗಳು. ವೈದ್ಯರು ಇದನ್ನು 'ಅಫೇಸಿಯಾ' ಎನ್ನುತ್ತಾರೆ.

ಮಾತನ್ನು ಉಚ್ಚರಿಸುವುದು ನಾಲಿಗೆಯಾದರೂ ಅದನ್ನು ಹೆಣೆಯುವುದು ಮಿದುಳು. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ 21 ವರ್ಷ ಕಳೆದಿದ್ದ ರೋಗಿಯೊಬ್ಬ ಏನು ಕೇಳಿದರೂ 'ತಾನ್, ತಾನ್' ಎನ್ನುತ್ತಿದ್ದ. ಇತರರು ಹೇಳಿದ್ದು ಮಾತ್ರ ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. 1861ರಲ್ಲಿ ಅವನು ತೀರಿಕೊಂಡ ಮೇಲೆ ಪಾಲ್ ಬ್ರೋಕಾ ಎಂಬ ವೈದ್ಯ ಮಿದುಳನ್ನು ಪರೀಕ್ಷಿಸಿದಾಗ ಎಡಗೋಳಾರ್ಧದ ಮುಂಭಾಗ ಹಾಳಾಗಿರುವುದು ಕಂಡಿತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಎಡಕಿವಿಯ ನೇರದಲ್ಲಿರುವ ಮಿದುಳಿನ ಭಾಗ ಕೆಟ್ಟರೆ ಮಾತು ಸರಾಗವಾಗಿ ಬರುತ್ತದೆ, ಅರ್ಥವಿರುವುದಿಲ್ಲ. ಇತರರ ಮಾತೂ ಸರಿಯಾಗಿ ತಿಳಿಯುವುದಿಲ್ಲ. ಈ ಎರಡು ಭಾಗಗಳಷ್ಟೇ ಅಲ್ಲ, ಮಿದುಳಿನ ಹಲವು ಭಾಗಗಳನ್ನು ಬೆಸೆಯುವ ನರತಂತುಗಳ ಜಾಲವೇ ಮಾತಿಗೆ ಬೇಕೆಂದು ಇಂದು ತಿಳಿದಿದೆ.

ಇಂಥವರ ಆರೈಕೆಗೆ ಮುಖ್ಯವಾಗಿ ಬೇಕಾದದ್ದು ತಾಳ್ಮೆ. ಕಿವಿ ಸರಿಯಿರುವವರ ಮುಂದೆ ಕೂಗಾಡಬೇಕಾಗಿಲ್ಲ. ಎದುರು ಕುಳಿತು, ರೇಡಿಯೋ, ಟಿ.ವಿ. ಆರಿಸಿ, ಚಿಕ್ಕ ವಾಕ್ಯಗಳಲ್ಲಿ ಒಂದು ಸಲಕ್ಕೆ ಒಂದೇ ವಿಷಯ ಹೇಳಿ. 'ಏನು ಬೇಕು?' ಎನ್ನುವ ಬದಲು 'ಕಾಫಿ ಬೇಕೆ?' ಎಂದು ಕೇಳಿದರೆ ತಲೆಯಾಡಿಸಿ ಉತ್ತರಿಸಬಹುದು. ಚಿತ್ರ, ಕೈಸನ್ನೆಗಳೂ ನೆರವಾಗುತ್ತವೆ. ಪದಕ್ಕಾಗಿ ತಡಕಾಡುವಾಗ ಅವಸರಪಡಿಸದೆ ಕಾಯಿರಿ. ಒಂದು ವಾಕ್ಯ ಆಡಲಾರದ ಕೆಲವರು ಹಳೆಯ ದೇವರನಾಮವನ್ನು ಪದಸಹಿತ ಹಾಡಬಲ್ಲರು! ಹಾಡುವಾಗ ಮಿದುಳಿನ ಬಲಭಾಗದ ನೆರವೂ ದೊರೆಯುವುದು ಇದಕ್ಕೆ ಒಂದು ಕಾರಣವಿರಬಹುದು. ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯೂ ಇದೆ.

ವಾಕ್ ಚಿಕಿತ್ಸೆಯನ್ನು ಬೇಗ ಆರಂಭಿಸುವುದು ಒಳ್ಳೆಯದು. ಹಾಗೆಂದು ತಿಂಗಳುಗಳು ಕಳೆದವೆಂದು ಕೈಚೆಲ್ಲಬಾರದು; ಸುಧಾರಣೆ ವರ್ಷಗಳ ಕಾಲ ಸಾಗಬಹುದು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ತಜ್ಞರಿದ್ದಾರೆ.

ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ದಿಢೀರನೆ ತೊದಲಿದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆ ಬಳಿಕವೂ ಮಾತು ಮರಳದಿದ್ದರೆ, ಮನೆಯ ಮಾತುಕತೆಯಿಂದ ಅವರನ್ನು ದೂರವಿಡಬೇಡಿ. ಮಗಳ ಮದುವೆಯ ವಿಚಾರವಿರಲಿ, ಹೊಲದ ವ್ಯವಹಾರವಿರಲಿ, ಅವರನ್ನೂ ಒಂದು ಮಾತು ಕೇಳಿ. ಉತ್ತರ ಕಣ್ಣಿನಲ್ಲಿಯೇ ಬಂದೀತು.