ದಮಾಮಿಯ ಜೊತೆಗೆ ಬಂದ ದನಿಗಳು

2021ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಸಲಗ’ ದುನಿಯಾ ವಿಜಯ್ ನಿರ್ದೇಶನದ ಮೊದಲ ಚಿತ್ರ. ಅದರ ಕಥೆ ಮರೆತವರಿಗೂ ‘ಟಿಣಿಂಗ ಮಿಣಿಂಗ ಟಿಶ್ಯಾ’ ನೆನಪಿದೆ. ಮಡಿಕೇರಿಯಿಂದ ಬೀದರ್‌ವರೆಗೆ ಹುಡುಗರ ಮೊಬೈಲ್‌ಗಳಲ್ಲಿ ಕುಣಿದ ಹಾಡು ಅದು. ಚರಣ್‌ರಾಜ್ ಸಂಗೀತದ ಆ ಹಾಡಿನಲ್ಲಿ ಚನ್ನಕೇಶವ ಅವರ ಜೊತೆ ದನಿಗೂಡಿಸಿದವರು ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಈ ಇಬ್ಬರೂ ರಂಗಭೂಮಿಯಲ್ಲಿ ಪಳಗಿದ ಕಲಾವಿದೆಯರು.

ಸಿದ್ದಿಯರ ಹಿರೀಕರು ಪೂರ್ವ ಆಫ್ರಿಕಾದವರು. ಹದಿನಾರನೇ ಶತಮಾನದಿಂದ ಪೋರ್ಚುಗೀಸರು ಗೋವೆಗೆ ಗುಲಾಮರನ್ನು ಹಡಗಿನಲ್ಲಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಯರಿದ್ದಾರೆ. ದೇವರು ಬೇರೆಯಾದರೂ ದಮಾಮಿ ಒಂದೇ. ಮರದ ಕೊಳವೆಗೆ ಚರ್ಮ ಬಿಗಿದ ಈ ವಾದ್ಯದ ಹೆಸರೇ ಕುಣಿತಕ್ಕೂ ಇದೆ. ಮಾತು ಕೊಂಕಣಿಗೂ ಕನ್ನಡಕ್ಕೂ ಒಗ್ಗಿತು, ಬಿಟ್ಟುಬಂದ ನೆಲದ ನುಡಿ ಮರೆತುಹೋಯಿತು. ಲಯ ಮಾತ್ರ ಮೈಯೊಳಗೆ ಉಳಿಯಿತು. ಗದ್ದೆ, ತೋಟದ ದುಡಿಮೆ ಮುಗಿಸಿದ ಹೆಂಗಸರು ಹಾಡುತ್ತ, ಪುಗಡಿ ಕುಣಿಯುತ್ತ ಅದನ್ನು ಮಕ್ಕಳಿಗೆ ದಾಟಿಸಿದರು. ಆ ಹೆಂಗಸರಿಗೆ ನಾವು ಕೊಡಬೇಕಾದ ಗೌರವ ಇನ್ನೂ ಬಾಕಿ ಇದೆ.

ಸಿನಿಮಾಕ್ಕಿಂತ ಮೊದಲು ಸಿದ್ದಿಯರನ್ನು ಹುಡುಕಿಕೊಂಡು ಹೋದದ್ದು ನಾಟಕ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರು ಮಂಚಿಕೇರಿಯ ಸಿದ್ದಿಯರನ್ನೇ ಕಟ್ಟಿಕೊಂಡು, ನೈಜೀರಿಯಾದ ಚಿನುವ ಅಚಿಬೆ ಅವರ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ರಂಗಕ್ಕೆ ತಂದರು. ಆಫ್ರಿಕಾದ ಕಥೆಯನ್ನು ಆಫ್ರಿಕಾ ಮೂಲದ ಕನ್ನಡಿಗರು ಕನ್ನಡದಲ್ಲಿ ಆಡಿದ್ದು ನಮ್ಮ ರಂಗಭೂಮಿಯ ದೊಡ್ಡ ಘಟನೆ ಎಂದೇ ನನ್ನ ನಂಬಿಕೆ. ಮುಂದಿನ ಪೀಳಿಗೆಯ ಸಿದ್ದಿ ಕಲಾವಿದರು ರಂಗಕ್ಕೆ ಬಂದದ್ದು ಇಂಥ ದಾರಿಯಲ್ಲೇ.

ಜನಪದ ಲಯವನ್ನು ಸಿನಿಮಾಕ್ಕೆ ಎತ್ತಿಕೊಳ್ಳುವುದು ಹೊಸದಲ್ಲ. ಹಳ್ಳಿಯ ಧಾಟಿ ಹಿಡಿದು, ಪೇಟೆಯ ಗಾಯಕಿಯಿಂದ ಹಾಡಿಸಿ, ಕೊನೆಗೆ ‘ಜಾನಪದ’ ಎಂದು ಬರೆದುಬಿಟ್ಟರೆ ಮುಗಿಯಿತು. ‘ಸಲಗ’ದ ಹಾಡು ಹಾಗಾಗಲಿಲ್ಲ. ಲಯದ ಒಡತಿಯರೇ ಮೈಕಿನ ಮುಂದೆ ನಿಂತರು. ಸ್ಟುಡಿಯೋದ ಅಬ್ಬರದ ನಡುವೆಯೂ ಅವರ ಗಂಟಲಿನ ಒರಟು ಹಾಗೇ ಉಳಿದಿದೆ. ಆ ಒರಟನ್ನು ತಿದ್ದಿ ನುಣುಪು ಮಾಡಿದ್ದರೆ ಹಾಡು ಸಾಯುತ್ತಿತ್ತು.

ಹಿರೀಕರ ಲಯವನ್ನು ಹೀಗೆ ಹೊಸ ಸಂಗೀತಕ್ಕೆ ತಂದವರು ಬೇರೆಡೆಯೂ ಇದ್ದಾರೆ. ಒಂದು ಕಾಲಕ್ಕೆ ಗುಲಾಮರನ್ನು ಹಡಗಿಗೆ ತುಂಬುತ್ತಿದ್ದ, ಇಂದಿನ ಬೆನಿನ್ ದೇಶದ ವೀಡಾ ಬಂದರಿನಲ್ಲಿ 1960ರಲ್ಲಿ ಹುಟ್ಟಿದ ಗಾಯಕಿ ಆಂಜೆಲಿಕ್ ಕಿಜೋ, ತಮ್ಮೂರಿನ ಲಯಗಳನ್ನು ಜಾಝ್, ಫಂಕ್ ಜೊತೆ ಬೆರೆಸಿ ಲೋಕವನ್ನೇ ಸುತ್ತಿದರು. ಗ್ರ್ಯಾಮಿ ಪ್ರಶಸ್ತಿಗಳನ್ನೂ ಪಡೆದರು. ಆಫ್ರಿಕಾದ ಇನ್ನೊಂದು ಕರಾವಳಿಯಿಂದ ಗುಲಾಮರಾಗಿ ಹಡಗೇರಿದವರ ಮೊಮ್ಮಕ್ಕಳೂ ಅದೇ ಕೆಲಸವನ್ನು ಯಲ್ಲಾಪುರದ ಕಡೆಯ ಕಾಡಿನಂಚಿನಲ್ಲಿ ಕುಳಿತು ಮಾಡುತ್ತಿದ್ದಾರೆ. ಅವರ ಬಳಿ ಇಲ್ಲದ್ದು ಪ್ರತಿಭೆಯಲ್ಲ, ವೇದಿಕೆ.

ಕೊಡಗಿನವರಾದ ನಮಗೆ ಇದು ದೂರದ ಸುದ್ದಿಯಲ್ಲ. ನಮ್ಮಲ್ಲಿ ದುಡಿ ಬಾರಿಸುತ್ತ ಬಾಳೋಪಾಟ್ ಹಾಡುವವರು ನಾಲ್ವರು ಗಂಡಸರು. ಹೆಂಗಸರ ಪಾಲಿಗೆ ಬಂದದ್ದು ಉಮ್ಮತ್ತಾಟ್. ಕಾವೇರಮ್ಮೆಯನ್ನು ನಡುವೆ ನಿಲ್ಲಿಸಿ, ಕೈಯಲ್ಲಿ ತಾಳ ಹಿಡಿದು ಸುತ್ತುವ ಆ ಕುಣಿತಕ್ಕಾಗಿ ಬದುಕು ಸವೆಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಿನಿಮಾದವರು ನಮ್ಮ ಬೆಟ್ಟ, ತೋಟ, ಮಂಜನ್ನು ಹುಡುಕಿಕೊಂಡು ಬರುತ್ತಲೇ ಇದ್ದಾರೆ. ಮುಂದಿನ ಸಲ ಬರುವವರು ಉಮ್ಮತ್ತಾಟ್‌ನ ಹುಡುಗಿಯರನ್ನೂ ಯರವ ಬುಡಕಟ್ಟಿನ ಹಾಡಿಯ ಹೆಂಗಸರನ್ನೂ ಹಾಡಲು ಕರೆಯಲಿ. ಕರೆದರೆ ಹಾಡಿನ ಕೆಳಗೆ ಅವರ ಹೆಸರನ್ನೂ ಬರೆಯಲಿ, ಗಿರಿಜಾ ಮತ್ತು ಗೀತಾ ಅವರದ್ದನ್ನು ಬರೆದ ಹಾಗೆ.