ಕೋಡ್ ಯಾರದ್ದು? ಮೊದಲು ಕಾಗದ ನೋಡಿ

ಇದು ಮೈಸೂರಿನ ಯಾದವಗಿರಿ. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ ಇಲ್ಲೇ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕಾದಂಬರಿಯೂ ಸಾಹಿತ್ಯ ಕೃತಿ, ನಿಮ್ಮ ಆ್ಯಪ್‌ನ ಕೋಡ್ ಕೂಡ ಸಾಹಿತ್ಯ ಕೃತಿ!

ಹಾಗಾದ್ರೆ ಆ ಕೋಡ್ ಯಾರದ್ದು?

ಸಂಬಳದ ಉದ್ಯೋಗಿ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದ್ದು. ಫ್ರೀಲ್ಯಾನ್ಸರ್ ಬರೆದರೆ? ದುಡ್ಡು ಕೊಟ್ಟಿದ್ದರೂ ಹಕ್ಕು ಸಾಮಾನ್ಯವಾಗಿ ಅವರದ್ದೇ. ಅದು ನಿಮಗೆ ಬರಬೇಕಾದರೆ ಲಿಖಿತ ಒಪ್ಪಂದ ಬೇಕು, ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹೂಡಿಕೆದಾರರು ಕಾಗದ ಕೇಳಿದಾಗ ಈ ಎರಡು ಸಾಲಿಲ್ಲ ಅಂತ ಮಾತುಕತೆಯೇ ನಿಂತುಹೋಗಬಹುದು.

ಯುವ ವಕೀಲರೇ, ಸ್ಟಾರ್ಟಪ್‌ಗೆ ನೀವು ಬೇಕಾಗೋದು ಇಲ್ಲೇ, ಕೋರ್ಟ್ ಮೆಟ್ಟಿಲು ಹತ್ತುವ ಮೊದಲು. ಸ್ಥಾಪಕರ ಒಪ್ಪಂದ, ಷೇರು ಹಂಚಿಕೆ, ಟ್ರೇಡ್‌ಮಾರ್ಕ್: ಪ್ರತಿ ಕೆಲಸಕ್ಕೂ ಫೀಸು ಮೊದಲೇ ಹೇಳಿ, ಷರತ್ತುಗಳನ್ನು ತಿಳಿಗನ್ನಡದಲ್ಲಿ ವಿವರಿಸಿ. ಬಾರ್ ಕೌನ್ಸಿಲ್ ನಿಯಮದಂತೆ ಜಾಹೀರಾತು ಹಾಕುವಂತಿಲ್ಲ; ಗೆದ್ದರೆ ಪಾಲು ಅನ್ನೋ ಫೀಸೂ ಕೂಡದು. ಅಚ್ಚುಕಟ್ಟಾದ ಕೆಲಸವೇ ನಿಮಗೆ ಹೆಸರು ತರೋದು.

ಸ್ಥಾಪಕರೇ, ನಿಮ್ಮ ಫ್ರೀಲ್ಯಾನ್ಸರ್ ಒಪ್ಪಂದ ಇವತ್ತೇ ತೆಗೆದು ಓದಿ. ಇಲ್ಲವಾ? ಮುಂದಿನ ಪೇಮೆಂಟ್‌ಗೆ ಮೊದಲು ಬರೆಸಿಕೊಳ್ಳಿ.